ದಾಳ ಬೀಳೋಕೆ ಮುಂಚೆ ಹೇಳಪ್ಪ

ಟೇಬಲ್ ಸುತ್ತ ಕೂತು ಆಡುವ ರೋಲ್ ಪ್ಲೇಯಿಂಗ್ ಆಟಗಳಲ್ಲಿ ರೂಲ್ ಝೀರೋ ಅಂತ ಒಂದಿದೆ. ಒಂದನೇ ನಿಯಮಕ್ಕಿಂತ ಮುಂಚೆ ಬರುವ ಸೊನ್ನೆಯ ನಿಯಮ. ಪುಸ್ತಕ ಏನೇ ಹೇಳಲಿ, ಆಟ ನಡೆಸುವವರ ಮಾತೇ ಕೊನೆ ಮಾತು ಅನ್ನೋದು ಅದರ ಸಾರಾಂಶ. ಬೇರೆ ಯಾವ ಆಟದಲ್ಲಿ ಇಂಥ ಅಧಿಕಾರ ಯಾರಿಗೆ ಕೊಟ್ಟಿದ್ದಾರೆ ಹೇಳಿ? ಚೆಸ್ ಆರ್ಬಿಟರ್ ಎದ್ದು ಬಂದು "ಇವತ್ತು ಕುದುರೆ ನೇರ ಹೋಗುತ್ತೆ" ಅನ್ನೋ ಹಾಗಿಲ್ಲ. ನಮ್ಮ ಆಟದಲ್ಲಿ ಅನ್ನಬಹುದು. ಅಂದಮೇಲೂ ಎಲ್ಲರೂ ಕೂತು ಆಡ್ತಾರೆ ಅನ್ನೋದೇ ಸೋಜಿಗ.

ಈ ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ನಾಲ್ಕೈದು ಜನ, ತಲೆಗೊಂದು ಪಾತ್ರ. ಒಬ್ಬ ಕಳ್ಳ, ಒಬ್ಬಳು ಮಾಂತ್ರಿಕಳು, ಹೀಗೆ. ಇನ್ನೊಬ್ಬರು ಗೇಮ್ ಮಾಸ್ಟರ್, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರ ಬಾಯಲ್ಲಿ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಉಳಿದ ಲೋಕವೆಲ್ಲ ಅವರದು: ಮಳೆ, ಕಾವಲುಗಾರ, ಛತ್ರದ ಯಜಮಾನಿ, ಗುಹೆಯೊಳಗಿನ ಪ್ರಾಣಿ. ಆಟಗಾರರು ಏನು ಮಾಡ್ತೀವಿ ಅಂತ ಹೇಳ್ತಾರೆ, ಏನಾಯ್ತು ಅಂತ ಡಿಎಂ ಹೇಳ್ತಾರೆ. ಆಗುತ್ತೋ ಇಲ್ಲವೋ ಅನ್ನೋ ಅನುಮಾನ ಬಂದ ಕಡೆ ದಾಳ.

ನಮ್ಮ ಟೇಬಲ್ ಇರೋದು ಹನುಮಂತನಗರದಲ್ಲಿ, ಭಾನುವಾರ ಮಧ್ಯಾಹ್ನ ಊಟ ಆದಮೇಲೆ. ನಿಯಮಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೇ ಆವೃತ್ತಿಯವು, ಕಥೆ ಮಾತ್ರ ನಮ್ಮದೇ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ, ಹಲಸೂರು ಬಾಗಿಲು, ಯಲಹಂಕ ಬಾಗಿಲು, ಅದರಾಚೆ ಕಾಡು, ಕಾಡಿನಲ್ಲಿ ಬ್ರಹ್ಮರಾಕ್ಷಸ. ಮಾತೆಲ್ಲ ಕನ್ನಡ, ಲೆಕ್ಕ ಅರ್ಧ ಇಂಗ್ಲಿಷು. "ಡೆಕ್ಸ್ ಸೇವ್ ಹಾಕು ಗುರು, ಹದಿನೈದು ದಾಟ್ಬೇಕು" ಅನ್ನೋದು ಅಲ್ಲಿನ ಭಾಷೆ; ಡೆಕ್ಸ್ ಸೇವ್ ಅಂದರೆ ಚುರುಕಾಗಿ ಅಪಾಯ ತಪ್ಪಿಸಿಕೊಳ್ಳಲು ಹಾಕುವ ದಾಳ. ಡಿಎಂ ನಾನು. ಹಾಗಾಗಿ ಈ ಅಧಿಕಾರದ ಬಗ್ಗೆ ನನ್ನ ಮಾತನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ.

ಪುಸ್ತಕ ದೊಡ್ಡದಾ, ಮನುಷ್ಯ ದೊಡ್ಡವನಾ ಅನ್ನೋ ಜಗಳ ಈ ಆಟಕ್ಕಿಂತ ಹಳೇದು. ಜರ್ಮನಿಯ ಹಳೆಯ ರಾಜ್ಯ ಪ್ರಶ್ಯದ ಸೈನ್ಯದಲ್ಲಿ ಅಧಿಕಾರಿಗಳ ತರಬೇತಿಗೆ ಕ್ರೀಗ್ಸ್‌ಷ್ಪೀಲ್ ಅನ್ನೋ ಯುದ್ಧದಾಟ ಇತ್ತು. ರೈಸ್ವಿಟ್ಜ್ ಅಪ್ಪ ಮೊದಲು ಮಾಡಿದ, ಮಗ 1824ರಲ್ಲಿ ಅದನ್ನು ಒಂದು ಹದಕ್ಕೆ ತಂದ. ಭೂಪಟ, ತುಕಡಿಗಳಿಗೆ ಸಣ್ಣ ಸಣ್ಣ ಬಿಲ್ಲೆ, ದಾಳ, ಎಷ್ಟು ಜನ ಸತ್ತರು ಅಂತ ನೋಡಲು ಕೋಷ್ಟಕ, ಎರಡೂ ಪಕ್ಷದ ನಡುವೆ ಒಬ್ಬ ತೀರ್ಪುಗಾರ. ಬರಬರುತ್ತಾ ಕೋಷ್ಟಕದ ಭಾರಕ್ಕೆ ಆಟ ತೆವಳತೊಡಗಿತು. 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾಧಿಕಾರಿ ಕೋಷ್ಟಕ ಪಕ್ಕಕ್ಕಿಡಿ ಅಂದ. ಅನುಭವಸ್ಥ ಅಧಿಕಾರಿಯೊಬ್ಬ ನೋಡಿ ಹೇಳಲಿ, ಅದೇ ಫಲಿತಾಂಶ. ಅವನು ಹಾಗೆ ಹೇಳೋದಕ್ಕೆ ಒಂದು ಯೋಗ್ಯತೆ ಇತ್ತು. 1870ರ ಫ್ರಾನ್ಸ್ ಯುದ್ಧದಲ್ಲಿ ಪ್ರಶ್ಯದ ಸೇನಾ ಮುಖ್ಯಸ್ಥ ಮೋಲ್ಟ್ಕೆಯ ಜೊತೆಗಿದ್ದವನು, ಫಿರಂಗಿ ಹಾರಿದರೆ ಏನಾಗುತ್ತೆ ಅಂತ ಕಣ್ಣಾರೆ ಬಲ್ಲವನು.

ನನಗೆ ಆ ಯೋಗ್ಯತೆ ಎಲ್ಲಿಂದ ಬರಬೇಕು? ಹಗಲು ಹೊತ್ತು ಎಕ್ಸೆಲ್ ಶೀಟ್ ತುಂಬುವವನು ನಾನು. ಕತ್ತಿ ಹಿಡಿದದ್ದು ಅಂದರೆ ತೆಂಗಿನಕಾಯಿ ಒಡೆಯೋ ಮಚ್ಚು. ಅನುಭವದ ಬಲದಿಂದ ಬರುವ ಅಧಿಕಾರ ನನ್ನದಲ್ಲ ಅಂದಮೇಲೆ ಇದಕ್ಕೆ ಬೇರೆ ಬೇರು ಇರಲೇಬೇಕು.

ಅದು ಸಿಗೋದು 1969ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ. ಡೇವಿಡ್ ವೆಸ್ಲಿ ಅನ್ನುವವರು ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಅನ್ನೋ ಕಲ್ಪನೆಯ ಊರೊಂದನ್ನು ಇಟ್ಟುಕೊಂಡು ಆಟ ಏರ್ಪಡಿಸಿದರು. ಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಷ್ಟರೊಳಗೆ ಊರಿನ ಜನರ ಪಾತ್ರ ಹಿಡಿದಿದ್ದ ಆಟಗಾರರು ಒಬ್ಬೊಬ್ಬರಾಗಿ ಬಂದು ಕೇಳತೊಡಗಿದರು: ನಾನು ಇದು ಮಾಡಬಹುದಾ, ಅದು ಮಾಡಬಹುದಾ. ಯಾವುದಕ್ಕೂ ನಿಯಮ ಇಲ್ಲ. ವೆಸ್ಲಿ ಅಲ್ಲಲ್ಲೇ ಉತ್ತರ ಹುಟ್ಟಿಸಿ ಕೊಡ್ತಾ ಹೋದರು. ಆಟ ಕೆಟ್ಟುಹೋಯ್ತು ಅಂತ ಅವರ ಮನಸ್ಸಿಗೆ. ಆಟಗಾರರಿಗೆ ಮಾತ್ರ ಇನ್ನೊಮ್ಮೆ ಬೇಕೇ ಬೇಕು. ಆ ಗುಂಪಿನಲ್ಲಿದ್ದ ಡೇವ್ ಆರ್ನೆಸನ್ ಬ್ಲ್ಯಾಕ್‌ಮೂರ್ ಅನ್ನೋ ತಮ್ಮದೇ ಲೋಕ ಕಟ್ಟಿದರು, ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿದರು, 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರಬಂತು. ಒಂದು ಡಬ್ಬ, ಒಳಗೆ ಮೂರು ಸಣ್ಣ ಪುಸ್ತಕ, ಮೊದಲ ಸಲ ಅಚ್ಚು ಹಾಕಿಸಿದ್ದು 1,000 ಪ್ರತಿ. ಹೊಡೆದಾಟದ ನಿಯಮಕ್ಕೆ 1971ರ ಚೈನ್‌ಮೇಲ್ ಅನ್ನೋ ಇನ್ನೊಂದು ಆಟದ ಪುಸ್ತಕ ನೋಡ್ಕೊಳ್ಳಿ ಅಂತ ಅದರಲ್ಲಿತ್ತು. ಅಷ್ಟು ತೂತು. ಕೊನೆಗೆ ಮಾತು ಮುಗಿಸುವಾಗ, ನಿಮ್ಮ ಕಲ್ಪನೆಯ ಕೆಲಸವನ್ನೂ ನಾವೇ ಯಾಕೆ ಮಾಡಿಕೊಡಬೇಕು ಅನ್ನೋ ಧಾಟಿಯಲ್ಲಿ ಕೈತೊಳೆದುಕೊಂಡಿದ್ದರು.

ಹಾಗಾಗಿ ಡಿಎಂ ಅಧಿಕಾರ ಹುಟ್ಟಿದ್ದು "ನಾನು ಇದು ಮಾಡಬಹುದಾ?" ಅನ್ನೋ ಪ್ರಶ್ನೆಯಿಂದ ಅಂತ ನನ್ನ ಲೆಕ್ಕ. ಯಾರಾದರೂ ಉತ್ತರ ಕೊಡಬೇಕಿತ್ತು, ಕೊಟ್ಟವರಿಗೆ ಅಧಿಕಾರ ಬಂತು. ಈ ಪ್ರಶ್ನೆ ಯಾವಾಗಲೂ ಕೆಲಸಕ್ಕೆ ಮುಂಚೆ ಬರುತ್ತೆ. ಉತ್ತರ ಕೊಟ್ಟಾಯ್ತು, ಎಷ್ಟು ಬೀಳಬೇಕು ಅಂತ ಹೇಳಾಯ್ತು, ದಾಳ ಉರುಳಿತು. ಅಲ್ಲಿಗೆ ಪ್ರಶ್ನೆ ಮುಗೀತು. ಅದರಿಂದ ಹುಟ್ಟಿದ ಅಧಿಕಾರವೂ ಅಲ್ಲಿಗೇ ಮುಗೀಬೇಕು. ದಾಳ ಬೀಳೋಕೆ ಮುಂಚೆ ನಾನು ಪುಸ್ತಕದ ಯಾವ ಸಾಲನ್ನು ಬೇಕಾದರೂ ಹೊಡೆದುಹಾಕಬಹುದು. ಬಿದ್ದಮೇಲೆ ಎದುರಿಗೆ ಕೂತವರಿಗೆ ಏನು ಕಟ್ಟುಪಾಡೋ ನನಗೂ ಅದೇ.

ಒಂದು ಉದಾಹರಣೆ ಹೇಳ್ತೀನಿ, ಇದು ನಮ್ಮ ಟೇಬಲ್ಲಿನಲ್ಲಿ ಈಗಲೂ ಚರ್ಚೆಯಾಗುತ್ತೆ.

ಐದನೇ ಆವೃತ್ತಿಯಲ್ಲಿ ಎತ್ತರದಿಂದ ಬಿದ್ದರೆ ಹತ್ತು ಅಡಿಗೆ ಒಂದು ಆರುಮುಖದ ದಾಳದಷ್ಟು ಪೆಟ್ಟು, ಹೆಚ್ಚೆಂದರೆ ಇಪ್ಪತ್ತು ದಾಳ. ಅಂದರೆ 200 ಅಡಿ ಆದಮೇಲೆ ಎಷ್ಟೇ ಎತ್ತರ ಇರಲಿ ಪೆಟ್ಟು ಅಷ್ಟೇ. ಇಪ್ಪತ್ತು ದಾಳದ ಸರಾಸರಿ 70, ಎಲ್ಲದರಲ್ಲೂ ಆರು ಬಿದ್ದರೆ 120. ನಮ್ಮ ದಾವಣಗೆರೆ ಗೆಳೆಯನ ಪಾತ್ರ ಬಾರ್ಬೇರಿಯನ್ ಅನ್ನೋ ಒರಟು ಯೋಧ, ಹನ್ನೆರಡನೇ ಲೆವೆಲ್, ಪ್ರಾಣಬಲ 137. ಸಾವನದುರ್ಗದ ಬಂಡೆ ಮೇಲೆ ಶತ್ರುಗಳು ಮೂರೂ ಕಡೆ ಮುತ್ತಿದ್ದಾರೆ, ನಾಲ್ಕನೇ ಕಡೆ ಪ್ರಪಾತ. ಇವನು ಫೋನಿನಲ್ಲಿ ಲೆಕ್ಕ ಹಾಕಿದ, ತಲೆ ಎತ್ತಿದ, "ಹಾರ್ತೀನಿ" ಅಂದ. ಮೇಲಿಂದ ಇನ್ನೊಂದು ಸೇರಿಸಿದ: "ರೇಜ್‌ನಲ್ಲಿ ಇದ್ದೀನಿ. ಬೀಳೋ ಪೆಟ್ಟು ಬ್ಲಜನಿಂಗ್. ಅರ್ಧ ಆಗುತ್ತೆ." ರೇಜ್ ಅಂದರೆ ಬಾರ್ಬೇರಿಯನ್ನಿನ ಸಿಟ್ಟಿನ ಆವೇಶ, ಬ್ಲಜನಿಂಗ್ ಅಂದರೆ ಜಜ್ಜುವ ಪೆಟ್ಟು; ಆವೇಶದಲ್ಲಿ ಇಂಥ ಪೆಟ್ಟು ಅರ್ಧ. ಅಂದರೆ ಜಾಸ್ತಿ ಅಂದ್ರೆ 60. ಸಾವನದುರ್ಗದ ನೆತ್ತಿಯಿಂದ ಧುಮುಕಿ, ಮೈ ಕೊಡವಿಕೊಂಡು ಎದ್ದು, ಮಾಗಡಿ ಕಡೆ ನಡ್ಕೊಂಡು ಹೋಗ್ತಾನಂತೆ.

ಪುಸ್ತಕದ ಪ್ರಕಾರ ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ. ಸಾವನದುರ್ಗ ಹತ್ತಿದವರಿಗೆ ಗೊತ್ತು, ಆ ಬಂಡೆ ನೋಡಿದರೆ ಹಾರೋ ಮಾತೇ ಬರಲ್ಲ. ಟೇಬಲ್ ಎರಡು ಭಾಗ ಆಯ್ತು. ಒಬ್ಬಳು "ಸಾಯಿಸು ಅವನ್ನ, ಇದೇನು ಸರ್ಕಸ್ಸಾ" ಅಂದಳು. ಇನ್ನೊಬ್ಬ, ಇವನು ಸಾಫ್ಟ್‌ವೇರ್ ಟೆಸ್ಟರ್, "ಪುಸ್ತಕದಲ್ಲಿದೆ, ಮುಗೀತು, ರಿಲೀಸ್ ಆದಮೇಲೆ ಸ್ಪೆಕ್ ಬದಲಾಯಿಸೋ ಹಾಗಿಲ್ಲ" ಅಂದ.

ನಾನು ದಾಳ ಮುಟ್ಟಬೇಡ ಅಂದೆ. "ನೋಡು, ಜೀವ ಹೋಗಲ್ಲ, ಅದು ನಿನ್ನ ಹಕ್ಕು. ಆದರೆ ಎರಡು ವಾರ ಕುಂಟ್ತೀಯ. ವೇಗ ಅರ್ಧ. ಮಂತ್ರ ಹಾಕಿಸಿಕೊಂಡರೂ ಕಾಲು ಕೂಡಲ್ಲ. ಈಗ ಹೇಳು, ಹಾರ್ತೀಯಾ?"

"ಕಾಲು ಮುರಿಯೋ ರೂಲ್ ಎಲ್ಲಿದೆ ಮಗಾ?"

"ಇಲ್ಲ. ಈಗ ಮಾಡ್ದೆ. ಬೇಡ ಅಂದ್ರೆ ಬೇರೆ ಏನಾದ್ರೂ ಮಾಡು."

ಅವನು ಯೋಚನೆ ಮಾಡಿದ. ಪಕ್ಕದವರ ಹತ್ತಿರ ಹಗ್ಗ ಇದೆಯಾ ಕೇಳಿದ, ಇರಲಿಲ್ಲ. ಚಹಾ ಕುಡಿದ. ಆಮೇಲೆ ಹಾರಿದ. ಮುಂದಿನ ವಾರಗಳಲ್ಲಿ ಬಾರ್ಬೇರಿಯನ್ನನ್ನು ಎತ್ತಿನ ಗಾಡಿ ಮೇಲೆ ಹಾಕಿಕೊಂಡು ಊರೂರು ತಿರುಗಿದರು. ಇಡೀ ಕಥೆಯಲ್ಲಿ ಎಲ್ಲರಿಗೂ ನೆನಪಿರೋದು ಆ ಗಾಡಿ. ಅದೇ ಕಾಲು ಮುರಿತವನ್ನು ಅವನು ಬಿದ್ದಮೇಲೆ, ಪೆಟ್ಟಿನ ಲೆಕ್ಕ ಆದಮೇಲೆ ನಾನು ಘೋಷಿಸಿದ್ದರೆ? ಅಕ್ಷರಕ್ಷರ ಅದೇ ತೀರ್ಪು. ಆದರೆ ಅವನ ಆಯ್ಕೆಗೆ ಬೆಲೆ ಇರುತ್ತಿರಲಿಲ್ಲ. ಗೊತ್ತಿದ್ದು ಹಾರಿದವನು ಹೀರೋ ಆಗ್ತಾನೆ. ಗೊತ್ತಿಲ್ಲದೆ ಹಾರಿ ಸಿಕ್ಕಿಹಾಕಿಕೊಂಡವನಿಗೆ ಮೋಸ ಆಗಿರುತ್ತೆ.

ಆ ಮೋಸ ಹೇಗಿರುತ್ತೆ ಅಂತ ಆಟಗಾರನಾಗಿ ಕೂತು ನೋಡಿದ್ದೀನಿ. ಬೆಂಗಳೂರಿನಲ್ಲಿ ಈಗ ಬೋರ್ಡ್ ಗೇಮ್ ಕೆಫೆಗಳಿವೆ, ಕೆಲವು ಕಡೆ ತಲೆಗಿಷ್ಟು ಅಂತ ಕೊಟ್ಟರೆ ಡಿಎಂ ಸಮೇತ ಟೇಬಲ್ ಸಿಗುತ್ತೆ. ಅಂಥದ್ದೊಂದು ಟೇಬಲ್. ನನ್ನ ಪಕ್ಕದ ಹುಡುಗಿ ದರೋಡೆಕೋರರ ಗುಂಪಿನ ನಡುವೆ ಫೈರ್‌ಬಾಲ್ ಅನ್ನೋ ಬೆಂಕಿ ಉಂಡೆಯ ಮಂತ್ರ ಬಿಟ್ಟಳು. ಎಂಟು ದಾಳ, ಸರಾಸರಿ 28 ಬರಬೇಕಾದದ್ದು. ಅವಳಿಗೆ ಬಿತ್ತು 41. ಟೇಬಲ್ಲಿಗೆ ಟೇಬಲ್ಲೇ ಕೂಗಿತು. ಡಿಎಂ ಬರೆಯಲು ಹೋದ ಪೆನ್ಸಿಲ್ ಕಾಗದದ ಮೇಲೆ ನಿಂತಿತು. ತಲೆ ಎತ್ತಿ ಸೀಲಿಂಗ್ ಫ್ಯಾನ್ ನೋಡಿದರು. "ಹ್ಞಾಂ, ಇವರ ನಾಯಕನ ಹತ್ತಿರ ಒಂದು ಉಂಗುರ ಇದೆ, ಬೆಂಕಿ ತಗಲಲ್ಲ" ಅಂದರು. ಉಂಗುರ ಮುಂಚೆಯೇ ಇದ್ದಿದ್ದರೆ ಪೆನ್ಸಿಲ್ ನಿಲ್ಲುತ್ತಿರಲಿಲ್ಲ. ನಾಯಕ ತಪ್ಪಿಸಿಕೊಂಡು ಮುಂದಿನ ಅಂಕಕ್ಕೆ ಬರಬೇಕು ಅಂತ ಅವರು ಬರೆದುಕೊಂಡಿದ್ದರು, ಅದು ಎಲ್ಲರಿಗೂ ಅರ್ಥವಾಯಿತು. ಯಾರೂ ಜಗಳ ಆಡಲಿಲ್ಲ. ಆ ಹುಡುಗಿ ಅವತ್ತು ಮತ್ತೆ ದೊಡ್ಡ ಮಂತ್ರ ಬಿಡಲಿಲ್ಲ, ಅಷ್ಟೇ.

ದುಡ್ಡು ಕೊಟ್ಟ ಟೇಬಲ್ಲಿನಲ್ಲಿ ಇದು ಇನ್ನೂ ಕಷ್ಟ ಅನ್ನೋದನ್ನು ಒಪ್ಪಬೇಕು. ಮೂರು ಗಂಟೆಯಲ್ಲಿ ಕಥೆ ಮುಗಿಸಬೇಕು, ಎಲ್ಲರಿಗೂ ಖುಷಿಯಾಗಬೇಕು, ಮುಂದಿನ ಬ್ಯಾಚ್ ಬಾಗಿಲಲ್ಲಿ ಕಾಯ್ತಿರುತ್ತೆ.

ಪುಸ್ತಕಗಳೂ ಈ ಚಾಳಿಗೆ ಕುಮ್ಮಕ್ಕು ಕೊಡುತ್ತವೆ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಇದೆ: ಸ್ಕ್ರೀನ್ (ಡಿಎಂ ತಮ್ಮ ಮುಂದೆ ನಿಲ್ಲಿಸಿಕೊಳ್ಳುವ ಮರೆ) ಹಿಂದೆ ದಾಳ ಹಾಕಿದರೆ ಬೇಕಾದಾಗ ಫಲಿತಾಂಶ ತಿದ್ದಬಹುದು, ಪದೇ ಪದೇ ಮಾಡಬೇಡಿ, ಮಾಡಿದ್ದು ಆಟಗಾರರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳಿ. ಗೊತ್ತಾಗಬಾರದು ಅನ್ನೋ ಷರತ್ತೇ ಎಲ್ಲ ಹೇಳುತ್ತೆ. ಗೊತ್ತಾದರೂ ನಡೆಯುವಂಥದ್ದಾಗಿದ್ದರೆ ಮುಚ್ಚಿಡೋದು ಯಾಕೆ?

ನಮ್ಮ ಟೇಬಲ್ಲಿನಲ್ಲಿ ಸ್ಕ್ರೀನ್ ಇದೆ, ನಕ್ಷೆ ಮುಚ್ಚಿಡಲು. ಪ್ರಾಣದ ವಿಷಯದ ದಾಳ ಮಾತ್ರ ಎಲ್ಲರ ಮುಂದೆ, ಸ್ಟೀಲ್ ತಟ್ಟೆಯಲ್ಲಿ ಬೀಳಬೇಕು. ನಮ್ಮ ಅಕ್ಕನ ಮಗಳು, ಆರನೇ ಕ್ಲಾಸು, ಬೇಸಿಗೆ ರಜೆಯಲ್ಲಿ ಆಡಲು ಬಂದಳು. ಅವಳ ಬಿಲ್ಲುಗಾರ್ತಿ ಕೆಂಪಾಂಬುಧಿ ಕೆರೆ ಏರಿ ಮೇಲೆ ನೆಲಕ್ಕೆ ಬಿದ್ದಳು. ಇಂಥ ಹೊತ್ತಿನಲ್ಲಿ ಸರದಿಗೊಮ್ಮೆ ಇಪ್ಪತ್ತು ಮುಖದ ದಾಳ ಹಾಕಬೇಕು. ಹತ್ತು, ಅದಕ್ಕಿಂತ ಹೆಚ್ಚು ಬಿದ್ದರೆ ಪಾಸು, ಕಡಿಮೆ ಆದರೆ ಫೇಲು. ಮೂರು ಫೇಲಾದರೆ ಸಾವು. ಎರಡಾಗಿತ್ತು. ಹಾಕಿದಳು, ತಟ್ಟೆಯಲ್ಲಿ ಸದ್ದು ಮಾಡುತ್ತಾ ಸುತ್ತಿ ನಿಂತಿತು: ಏಳು. ದೊಡ್ಡವರೆಲ್ಲ ನನ್ನ ಮುಖ ನೋಡಿದರು. ಅವಳು ಮಾತ್ರ ತಟ್ಟೆಯನ್ನೇ ನೋಡಿ, "ಹೋದ್ಲು. ಮಾಮ, ಹೊಸ ಪಾತ್ರಕ್ಕೆ ಇನ್ನೊಂದು ಶೀಟ್ ಇದ್ಯಾ?" ಅಂದಳು. ರಾತ್ರಿ ಅಕ್ಕ ಫೋನ್ ಮಾಡಿ ಬೈದಳು. ಮಗು ಜೊತೆ ಆಡೋವಾಗ ಒಂಚೂರು ನೋಡ್ಕೊಂಡು ಆಡಬಾರದೇನೋ ಅಂತ. ನೋಡ್ಕೊಳ್ಳಬಹುದಿತ್ತು. ಮಕ್ಕಳ ಪಾತ್ರ ಸಾಯಲ್ಲ, ಮೂರ್ಛೆ ಹೋಗುತ್ತೆ ಅಂತ ಮೊದಲನೇ ದಿನವೇ ಹೇಳಬಹುದಿತ್ತು, ಹೇಳೋಣ್ವಾ ಅಂತ ಅವಳನ್ನೇ ಕೇಳಿದ್ದೆ ಕೂಡ. ದೊಡ್ಡವರಿಗೆ ಇರೋದೇ ನನಗೂ ಇರಲಿ ಅಂದಿದ್ದಳು. ಏಳು ಕಣ್ಣಮುಂದೆ ಕೂತಿರುವಾಗ "ಇಲ್ಲ ಪುಟ್ಟಾ, ಅದು ಹತ್ತು" ಅಂದಿದ್ದರೆ ಅವಳು ನನ್ನ ಜೊತೆ ಇನ್ನೊಂದು ಆಟ ಆಡ್ತಿದ್ದಳು ಅಂತ ನನಗೆ ಅನ್ನಿಸಲ್ಲ.

ಈ ವಿಷಯ ಯೋಚಿಸುವಾಗೆಲ್ಲ ನನಗೆ ತಾಳಮದ್ದಳೆ ನೆನಪಾಗುತ್ತೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಕರಾವಳಿಯ ಕಲಾವಿದರು ಬೆಂಗಳೂರಿಗೂ ಬರ್ತಾರೆ. ಸಭಾಂಗಣದಲ್ಲಿ ಕುರ್ಚಿ ಹಾಕಿ ಕೂತು, ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಅದರ ಮೇಲೆ ಆಶುವಾಗಿ ವಾದ ಕಟ್ಟುತ್ತಾರೆ. ವಾಲಿ ಮರೆಯ ಬಾಣ ತಿಂದು ಬಿದ್ದು ರಾಮನನ್ನು ಪ್ರಶ್ನಿಸುವ ಸಂದರ್ಭ ತಗೊಳ್ಳಿ. ವಾಲಿ ಸಾಯೋದು ಖಾತ್ರಿ, ಅದು ಪದ್ಯದಲ್ಲೇ ಇದೆ. ಆದರೆ ವಾದದಲ್ಲಿ ವಾಲಿ ಗೆಲ್ಲಬಹುದು. ಒಳ್ಳೆ ಅರ್ಥಧಾರಿ ಕೂತರೆ ರಾಮ ಮಾತಿಗೆ ತಡಕಾಡೋದನ್ನು ನಾನೇ ಕೇಳಿದ್ದೀನಿ. ಭಾಗವತರ ಕೈಯಲ್ಲಿ ಜಾಗಟೆ ಇದೆ, ಯಾವಾಗ ಬೇಕಾದರೂ ಮುಂದಿನ ಪದ್ಯ ಎತ್ತಿ ಮಾತು ನಿಲ್ಲಿಸಬಹುದು. ಸಮಯ ಅವರದು, ಲಯ ಅವರದು. ಆದರೆ ವಾಲಿ ಒಂದು ಒಳ್ಳೆ ಮಾತು ಆಡಿಬಿಟ್ಟರೆ, ಅದನ್ನು ಆಡಿಲ್ಲ ಅನ್ನಿಸೋ ಶಕ್ತಿ ಯಾವ ಭಾಗವತರಿಗೂ ಇಲ್ಲ. ನಮ್ಮಲ್ಲಿ ತಲೆಕೆಳಗು: ಕೊನೆ ಏನಾಗುತ್ತೆ ಅಂತ ಬರೆದಿಟ್ಟಿಲ್ಲ, ಹಾಗಾಗಿ ಡಿಎಂ ಕೈಗೆ ಭಾಗವತರಿಗಿಂತ ಹೆಚ್ಚು ಸಿಕ್ಕಿಬಿಟ್ಟಿದೆ. ಆ ಹೆಚ್ಚುವರಿಯೇ ಕೆಡಿಸೋದು.

ಈ ಅಧಿಕಾರವನ್ನು ಕತ್ತರಿಸಿಯೇ ನೋಡೋಣ ಅಂತ ಹೊರಟ ಆಟಗಳೂ ಇವೆ. 2009ರ ಫಿಯಾಸ್ಕೋದಲ್ಲಿ ಗೇಮ್ ಮಾಸ್ಟರೇ ಇಲ್ಲ. 2010ರ ಅಪೋಕ್ಯಾಲಿಪ್ಸ್ ವರ್ಲ್ಡ್‌ನಲ್ಲಿ ಇದ್ದಾರೆ, ಆದರೆ ಅವರು ಯಾವಾಗ ಏನು ಮಾಡಬಹುದು ಅನ್ನೋದನ್ನೇ ನಿಯಮ ಮಾಡಿ ಬರೆದಿದ್ದಾರೆ. ಆಟಗಾರರು ಎರಡು ದಾಳ ಹಾಕ್ತಾರೆ, ಹತ್ತು ಅಥವಾ ಹೆಚ್ಚು ಬಿದ್ದರೆ ಪೂರ್ತಿ ಗೆಲುವು, ಏಳರಿಂದ ಒಂಬತ್ತು ಅಂದರೆ ಗೆಲುವಿನ ಜೊತೆ ಒಂದು ತೊಡಕು, ಆರು ಅಥವಾ ಕಡಿಮೆ ಬಿದ್ದಾಗ ಆಟ ನಡೆಸುವವರ ಸರದಿ. ಕೆಲವು ಸಲ ಆಡಿಸಿದೆ, ಹಿಡಿಸಿತು. ಆದರೂ ನಮ್ಮ ಟೇಬಲ್ ಹಳೇದಕ್ಕೇ ವಾಪಸ್ ಬಂತು. ಜನಕ್ಕೆ ಡಿಎಂ ಜೊತೆ ವಾದ ಮಾಡೋದೇ ಆಟದ ಅರ್ಧ ರುಚಿ ಅಂತ ಕಾಣುತ್ತೆ.

ವಾದ ಅಂದಮೇಲೆ ರೂಲ್ಸ್ ಲಾಯರ್‌ಗಳ ಮಾತು ಬರಲೇಬೇಕು. ಪುಟ ಸಂಖ್ಯೆ ಸಮೇತ ಬಾಯಿಪಾಠ ಮಾಡಿಕೊಂಡು ಬಂದವರು. ಈ ಊರಲ್ಲಿ ಅವರಿಗೆ ಬರ ಇಲ್ಲ, ಹಗಲೆಲ್ಲ ಬೇರೆಯವರ ಕೋಡಿನಲ್ಲಿ ತೂತು ಹುಡುಕೋದೇ ಅವರ ಕಸುಬು. ಡಿಎಂಗಳು ಸಾಮಾನ್ಯವಾಗಿ ಇವರನ್ನು ಬೈಕೊಳ್ತಾರೆ. ನನಗೆ ಇಬ್ಬರಾದರೂ ಬೇಕು. ನಮ್ಮ ಟೆಸ್ಟರ್ ತನ್ನ ಪಾತ್ರಕ್ಕೆ ನಷ್ಟ ಆಗುವ ನಿಯಮವನ್ನೂ ತಾನೇ ಎತ್ತಿ ಹೇಳ್ತಾನೆ. "ನಿಲ್ಲು, ನನ್ನ ಕಾನ್ಸನ್‌ಟ್ರೇಶನ್ ಹೋಯ್ತು, ಮಂತ್ರ ತೆಗಿ" ಅಂತಾನೆ. ಕಾನ್ಸನ್‌ಟ್ರೇಶನ್ ಅಂದರೆ ಮಂತ್ರವನ್ನು ಹಿಡಿದಿಡುವ ಏಕಾಗ್ರತೆ. ಅಂಥವನು ಬಾಯಿ ತೆಗೆದಾಗ ನಾನು ಕೇಳಲೇಬೇಕು. ತನ್ನ ಲಾಭಕ್ಕೆ ಮಾತ್ರ ಪುಟ ತಿರುವುವವರ ಗತಿ ಬೇರೆ. ಅವರಿಗೆ ಒಂದು ನಿಮಿಷ ಕೊಡ್ತೀನಿ, ಸಿಗದಿದ್ದರೆ ನನ್ನ ತೀರ್ಪು, ಆಟ ಮುಂದೆ. ಮನೆಗೆ ಹೋಗಿ ಹುಡುಕಿ, ಮುಂದಿನ ವಾರ ಶುರುವಿಗೆ ಹೇಳಲಿ. ಆಗ ಬದಲಾಯಿಸ್ತೀನಿ. ಹಿಂದಿನ ವಾರ ಸತ್ತ ಕಾವಲುಗಾರ ಎದ್ದು ಬರಲ್ಲ.

ಡಿಎಂ, ಆಟಗಾರರು, ಪುಸ್ತಕ ಅಂತ ಮೂವರಲ್ಲಿ ಪುಸ್ತಕವೇ ಅಲುಗಾಡದ್ದು ಅಂತ ತಿಳಿದುಕೊಂಡವರಿಗೆ ಮದ್ದಿನ ಬಾಟಲಿಯ ಕಥೆ ಹೇಳಬೇಕು. 2014ರ ನಿಯಮದಲ್ಲಿ ಗಾಯ ಮಾಯುವ ಮದ್ದು ಕುಡಿಯೋಕೆ ಒಂದು ಇಡೀ ಆಕ್ಷನ್, ಅಂದರೆ ಒಂದು ಸರದಿಯ ಮುಖ್ಯ ಕೆಲಸವೇ, ಖರ್ಚು. ಆ ಸರದಿಯಲ್ಲಿ ಕತ್ತಿ ಬೀಸೋ ಹಾಗಿಲ್ಲ. ಇದು ಎಷ್ಟು ಜನಕ್ಕೆ ಬೇಜಾರಾಯ್ತು ಅಂದರೆ, ಎಲ್ಲೆಲ್ಲೋ ಇರುವ ಟೇಬಲ್ಲುಗಳಲ್ಲಿ ಡಿಎಂಗಳು ಅದನ್ನು ಬೋನಸ್ ಆಕ್ಷನ್, ಅಂದರೆ ಮುಖ್ಯ ಕೆಲಸದ ಜೊತೆಗೇ ಮಾಡಬಹುದಾದ ಚಿಕ್ಕ ಕೆಲಸ, ಮಾಡಿಬಿಟ್ಟರು. ಗುಟುಕು ಹಾಕು, ಹೊಡೆದಾಟವೂ ನಡೀಲಿ. ನಮ್ಮಲ್ಲೂ ಮೊದಲಿಂದ ಹಾಗೇ. 2024ರಲ್ಲಿ ಪರಿಷ್ಕೃತ ನಿಯಮ ಬಂತು. ತೆಗೆದು ನೋಡಿದರೆ ಮದ್ದು ಕುಡಿಯೋದು ಬೋನಸ್ ಆಕ್ಷನ್. ಹತ್ತು ವರ್ಷ ಟೇಬಲ್ಲುಗಳು ಪುಸ್ತಕದ ಮಾತು ಮೀರಿದ್ದವು, ಹನ್ನೊಂದನೇ ವರ್ಷಕ್ಕೆ ಪುಸ್ತಕ ಟೇಬಲ್ಲುಗಳ ಮಾತು ಕೇಳಿತು.

ಇದನ್ನು ನಾನು ಉತ್ಸಾಹದಿಂದ ಓದಿ ಹೇಳಿದಾಗ ದಾವಣಗೆರೆಯವನು ಒಪ್ಪಲಿಲ್ಲ. ಅವನ ಹತ್ತಿರ ಇರೋದು 2014ರ ಪುಸ್ತಕ. ಹೊಸದು ಕೊಳ್ಳೋ ತನಕ ತನ್ನ ಬಾರ್ಬೇರಿಯನ್ ಮದ್ದಿಗೆ ಒಂದು ಪೂರ್ತಿ ಸರದಿ ಕೊಡ್ತಾನಂತೆ. ಬೇಡ ಮಾರಾಯ, ನಾನು ಡಿಎಂ, ನಾನೇ ಹೇಳ್ತಿದ್ದೀನಿ ಅಂದರೂ ಕೇಳ್ತಿಲ್ಲ.